ಎಕ್ಸ್‌-ರೇಯಲ್ಲಿ ಕಂಡ ಕಪ್ಪು ಚುಕ್ಕೆಯೊಂದನ್ನೇ ನಂಬಿ ರೂಟ್ ಕೆನಾಲ್‌ಗೆ ಒಪ್ಪಬೇಡಿ

ಒಂದೇ ಹಲ್ಲಿನ ಬಗ್ಗೆ ಇಬ್ಬರು ದಂತವೈದ್ಯರು ಎರಡು ಬೇರೆ ಮಾತು ಹೇಳಿದಾಗ, ಹೆದರಿಸಿದವರನ್ನು ನಂಬಿ, ಸಮಾಧಾನವಾಗಿ ಹೇಳಿದವರನ್ನು ಕೈಬಿಟ್ಟು, ಜೀವವಿದ್ದ ಹಲ್ಲೊಂದಕ್ಕೆ ರೂಟ್ ಕೆನಾಲ್ ಮಾಡಿಸಿ ಅದರ ನರವನ್ನು ತೆಗೆಸಿಕೊಂಡಿದ್ದೇನೆ. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬರುತ್ತಿದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಇವತ್ತು ಈ ಹೊತ್ತಿನಲ್ಲೇ ಯಾರೋ ಒಬ್ಬರು ಎಕ್ಸ್‌-ರೇ ಕೈಯಲ್ಲಿ ಹಿಡಿದುಕೊಂಡು, ಯಾರ ಮಾತು ಕೇಳಬೇಕೆಂದು ತೋಚದೆ ಕುಳಿತಿರುತ್ತಾರೆ. ನಾನು ಮಾಡಿದ ತಪ್ಪನ್ನು ಅವರು ಮಾಡಬಾರದು.

ನನಗಿದ್ದ ತೊಂದರೆ ಸಣ್ಣದು. ತಣ್ಣೀರು ಕುಡಿದರೆ ಕೆಳದವಡೆಯ ಎಡಭಾಗದಲ್ಲಿ ಜುಮ್ಮೆನ್ನುತ್ತಿತ್ತು, ಎರಡು ಮೂರು ಸೆಕೆಂಡಿನಲ್ಲಿ ತಾನಾಗಿಯೇ ನಿಂತುಹೋಗುತ್ತಿತ್ತು. ಬಿಸಿ ನೀರಿಗೆ ಏನೂ ಆಗುತ್ತಿರಲಿಲ್ಲ, ಅಗಿಯುವಾಗ ನೋವಿರಲಿಲ್ಲ, ರಾತ್ರಿ ನೋವಿನಿಂದ ಎಚ್ಚರವಾದದ್ದಿಲ್ಲ, ವಸಡು ಊದಿಕೊಂಡಿರಲಿಲ್ಲ. ಯಾವ ಹಲ್ಲು ಎಂದು ನನಗೇ ಖಚಿತವಾಗಿ ಗೊತ್ತಿರಲಿಲ್ಲ. ಮೊದಲನೆಯ ವೈದ್ಯರು ಕೇಳಿದಾಗ ‘ಇದಿರಬೇಕು’ ಎಂದು ದವಡೆ ಹಲ್ಲಿನ ಮುಂದಿನ ಹಲ್ಲಿನ ಮೇಲೆ ಬೆರಳಿಟ್ಟವನು ನಾನೇ. ದಂತವೈದ್ಯರ ಲೆಕ್ಕದಲ್ಲಿ ಅದು 35ನೇ ಹಲ್ಲು, ಅದರ ಹಿಂದಿನ ದೊಡ್ಡ ದವಡೆ ಹಲ್ಲು 36. ಈ ಎರಡು ಸಂಖ್ಯೆಗಳನ್ನು ನಾನು ಈಗ ಮರೆಯಲಾರೆ.

ಆ ವೈದ್ಯರು ನಾನು ತೋರಿಸಿದ ಹಲ್ಲಿನ ಎಕ್ಸ್‌-ರೇ ತೆಗೆದು, ಪರದೆಯ ಮೇಲೆ ಬೇರಿನ ತುದಿಯ ಹತ್ತಿರ ಪೆನ್ನಿನಿಂದ ಸುತ್ತು ಹಾಕಿ ತೋರಿಸಿದರು. ಅಲ್ಲಿ ನಿಜವಾಗಿಯೂ ಕಾಳಿನಷ್ಟು ಕಪ್ಪು ನೆರಳಿತ್ತು. ‘ನೋಡಿ, ಇದು ಇನ್ಫೆಕ್ಷನ್. ಬೇರಿನ ತುದಿಯವರೆಗೂ ಇಳಿದುಬಿಟ್ಟಿದೆ. ರೂಟ್ ಕೆನಾಲ್ ಮಾಡಲೇಬೇಕು, ಬೇಕಾದರೆ ಇವತ್ತೇ ಶುರು ಮಾಡೋಣ’ ಎಂದರು. ಹಲ್ಲಿನ ಮೇಲೆ ತಣ್ಣನೆಯದೇನನ್ನಾದರೂ ಇಟ್ಟು ನೋಡಲಿಲ್ಲ. ತಟ್ಟಿ ನೋಡಲಿಲ್ಲ. ಪಕ್ಕದ ಹಲ್ಲಿನ ಕಡೆಗೆ ಕಣ್ಣು ಕೂಡ ಹಾಯಿಸಲಿಲ್ಲ. ಅವತ್ತು ಇದ್ಯಾವುದೂ ನನಗೆ ಕೊರತೆಯೆಂದು ಅನ್ನಿಸಲಿಲ್ಲ, ಏಕೆಂದರೆ ಕಪ್ಪು ಚುಕ್ಕೆ ಕಣ್ಣೆದುರಿಗೇ ಇತ್ತು. ಒಂದು ದಿನ ಯೋಚಿಸಿ ಬರುತ್ತೇನೆಂದು ಹೇಳಿ ಎದ್ದು ಬಂದೆ.

ಮನೆಯವರ ಒತ್ತಾಯಕ್ಕೆ ಇನ್ನೊಬ್ಬ ದಂತವೈದ್ಯೆಯ ಬಳಿ ಹೋದೆ. ಅವರು ಸಣ್ಣ ಹತ್ತಿಯುಂಡೆಗೆ ತಂಪು ಸ್ಪ್ರೇ ಸಿಂಪಡಿಸಿ, ಮೊದಲು ಬಲಗಡೆಯ ಚೆನ್ನಾಗಿದ್ದ ಹಲ್ಲಿಗೆ, ಆಮೇಲೆ ಎಡಗಡೆಯ ಒಂದೊಂದು ಹಲ್ಲಿಗೂ ಮುಟ್ಟಿಸಿ, ತಂಪು ತಗುಲಿದ ಕೂಡಲೇ ಕೈ ಎತ್ತಿ, ಹೋದ ಕೂಡಲೇ ಇಳಿಸಿ ಎಂದರು. 35ರಲ್ಲಿ ಬಲಗಡೆಯ ಹಲ್ಲಿನಷ್ಟೇ ತಂಪು ತಿಳಿಯಿತು. 36ಕ್ಕೆ ಮುಟ್ಟಿಸಿದಾಗ ಕುರ್ಚಿಯಲ್ಲೇ ಬೆಚ್ಚಿಬಿದ್ದೆ, ಆದರೆ ಅದೂ ಎರಡು ಸೆಕೆಂಡಿನಲ್ಲಿ ಹೋಯಿತು. ಕನ್ನಡಿಯ ಹಿಡಿಕೆಯಿಂದ ತಟ್ಟಿ ನೋಡಿದರು, ಯಾವುದರಲ್ಲೂ ನೋವಿರಲಿಲ್ಲ. ಎಕ್ಸ್‌-ರೇ ಯಂತ್ರವನ್ನು ಸ್ವಲ್ಪ ಪಕ್ಕಕ್ಕೆ ಓರೆ ಮಾಡಿ ಇನ್ನೊಂದು ಚಿತ್ರ ತೆಗೆದರು. ಆ ಚಿತ್ರದಲ್ಲಿ ಕಪ್ಪು ಚುಕ್ಕೆ ಬೇರಿನ ತುದಿಯನ್ನು ಬಿಟ್ಟು ಪಕ್ಕಕ್ಕೆ ಸರಿದಿತ್ತು. ‘ಬೇರಿಗೆ ಅಂಟಿಕೊಂಡ ಕಾಯಿಲೆಯಾಗಿದ್ದರೆ ಬೇರಿನ ಜೊತೆಯಲ್ಲೇ ಇರುತ್ತಿತ್ತು. ಇದು ದವಡೆ ಮೂಳೆಯಲ್ಲಿ ಎಲ್ಲರಿಗೂ ಇರುವ ರಂಧ್ರ, ಕೆಳತುಟಿಗೆ ಹೋಗುವ ನರ ಇದರ ಮೂಲಕ ಹೊರಬರುತ್ತದೆ. ಬೇರಿನ ಸುತ್ತ ಈ ತೆಳುವಾದ ಬಿಳಿ ಗೆರೆ ಎಲ್ಲಿಯೂ ಒಡೆದಿಲ್ಲ ನೋಡಿ. 36ರ ಹಳೆಯ ಫಿಲ್ಲಿಂಗಿನ ಅಂಚು ಬಿಟ್ಟಿದೆ. ಅದನ್ನು ಬದಲಿಸಿ ಎರಡು ವಾರ ನೋಡೋಣ. ಈಗ ರೂಟ್ ಕೆನಾಲ್ ಬೇಕೆಂದು ನನಗೆ ಕಾಣುತ್ತಿಲ್ಲ’ ಎಂದರು.

ಇಷ್ಟು ಬಿಡಿಸಿ ಹೇಳಿದರೂ ನನ್ನ ತಲೆಗೆ ಹೋಗಲಿಲ್ಲ. ‘ನೋಡೋಣ’ ಎಂಬ ಒಂದೇ ಮಾತು ನನ್ನನ್ನು ಕೆಡಿಸಿತು. ಒಬ್ಬರು ‘ಮಾಡಲೇಬೇಕು’ ಎನ್ನುತ್ತಿದ್ದಾರೆ, ಇನ್ನೊಬ್ಬರು ‘ನೋಡೋಣ’ ಎನ್ನುತ್ತಿದ್ದಾರೆ, ಹಾಗಾದರೆ ಖಚಿತವಾಗಿ ಗೊತ್ತಿರುವವರು ಮೊದಲನೆಯವರೇ ಎಂದು ಲೆಕ್ಕ ಹಾಕಿದೆ. ಪರೀಕ್ಷೆ ಮಾಡಿದವರು ಯಾರು, ಮಾಡದವರು ಯಾರು ಎಂದು ಒಂದು ಸಲ ಕೇಳಿಕೊಂಡಿದ್ದರೆ ಸಾಕಾಗಿತ್ತು.

ಮೊದಲನೆಯವರ ಬಳಿ ಹಿಂತಿರುಗಿ, ಇನ್ನೊಬ್ಬರು ಹೀಗೆ ಹೇಳಿದರು ಎಂದು ಓರೆಯಾಗಿ ತೆಗೆದ ಚಿತ್ರವನ್ನು ಮುಂದಿಟ್ಟೆ. ಅವರು ಅದನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. ‘ಯಂತ್ರ ಓರೆ ಮಾಡಿದರೆ ಇರುವುದನ್ನೂ ಇಲ್ಲ ಅನ್ನಿಸಬಹುದು’ ಎಂದರು. ತಂಪಿನ ಪರೀಕ್ಷೆಯಲ್ಲಿ ಬೆಚ್ಚಿಸಿದ್ದು 36 ಎಂದು ಹೇಳಿದೆ. ‘ಎಕ್ಸ್‌-ರೇಗಿಂತ ದೊಡ್ಡ ಪರೀಕ್ಷೆ ಬೇಕೆ ನಿಮಗೆ?’ ಎಂದರು. ಆಮೇಲೆ ಹೇಳಿದ ಮಾತೇ ನನ್ನನ್ನು ಒಪ್ಪಿಸಿದ್ದು: ‘ನೋಡೋಣ ನೋಡೋಣ ಅಂತ ಕೂತು, ಒಂದು ದಿನ ಮುಖ ಊದಿಸಿಕೊಂಡು ಬಂದರೆ ಆಗ ನನ್ನನ್ನು ಕೇಳಬೇಡಿ.’ ನನಗೆ ಭಯವಾಯಿತು. ಒಪ್ಪಿಗೆ ಪತ್ರವನ್ನು ಪೂರ್ತಿ ಓದದೆಯೇ ಸಹಿ ಹಾಕಿದೆ.

ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೆ ಎಡಗಡೆಯ ಕೆಳತುಟಿ ಮರದ ತುಂಡಿನಂತಾಯಿತು. ಹಲ್ಲನ್ನು ಕೊರೆದು, ಸೂಜಿಯಂಥ ಫೈಲನ್ನು ಒಳಗಿಳಿಸಿ ಹೊರಗೆಳೆದಾಗ, ಎದೆಯ ಮೇಲೆ ಹಾಸಿದ್ದ ಬಟ್ಟೆಯ ಮೇಲೆ ಅವರು ಒರೆಸಿದ ಹತ್ತಿಯಲ್ಲಿ ಕೆಂಪು ರಕ್ತ ಕಂಡಿತು. ಕೀವು ಇರುತ್ತದೆ, ವಾಸನೆ ಬರುತ್ತದೆ ಎಂದುಕೊಂಡಿದ್ದವನಿಗೆ ಆ ಕೆಂಪು ಬಣ್ಣ ವಿಚಿತ್ರವೆನಿಸಿ, ಮರಗಟ್ಟಿದ ಬಾಯಿಯಲ್ಲೇ ‘ಇದೇನು ಡಾಕ್ಟರೇ?’ ಎಂದು ಕೇಳಿದೆ. ‘ಇನ್ಫೆಕ್ಷನ್ ಆದ ನರ ಹೀಗೇ ಇರುತ್ತದೆ’ ಎಂದರು. ಆ ಹತ್ತಿಯ ಕೆಂಪು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಮೂರು ಸಲ ಹೋದ ಮೇಲೆ ಕೆಲಸ ಮುಗಿಯಿತು. ಹಲ್ಲಿನ ಸುತ್ತ ತೇಯ್ದು ಕ್ಯಾಪ್ ಕೂರಿಸಿದರು. ಅಲ್ಲಿಯವರೆಗೂ ಆ ಕಡೆಗೆ ತಣ್ಣನೆಯದನ್ನು ತಾಗಿಸಬೇಡಿ ಎಂದಿದ್ದರಿಂದ ಬಲಗಡೆಯಲ್ಲೇ ಕುಡಿಯುತ್ತಿದ್ದೆ. ಕ್ಯಾಪ್ ಕೂರಿಸಿದ ಮರುದಿನ ಬೆಳಿಗ್ಗೆ, ಇನ್ನೇನು ಭಯವೆಂದು ಒಂದು ಲೋಟ ತಣ್ಣೀರನ್ನು ಬಾಯಿ ತುಂಬ ತೆಗೆದುಕೊಂಡೆ. ಜುಮ್ಮೆಂದಿತು. ಅದೇ ಜಾಗ, ಅದೇ ಎರಡು ಮೂರು ಸೆಕೆಂಡು, ಅದೇ ಜುಮ್ಮು. ಲೋಟ ಹಿಡಿದುಕೊಂಡು ನಿಂತಲ್ಲೇ ನಿಂತೆ. ನರ ತೆಗೆದ ಹಲ್ಲಿಗೆ ತಂಪು ತಿಳಿಯುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಹಾಗಿದ್ದರೆ ತಂಪು ತಿಳಿದ ಹಲ್ಲು ಯಾವುದು? ಇನ್ನೊಮ್ಮೆ ನೀರು ಬಾಯಿಗೆ ಹಾಕಿಕೊಂಡೆ. ಮತ್ತೆ ಜುಮ್ಮೆಂದಿತು. 36 ಎಂದು ಹೇಳಿದ್ದ ಆ ದಂತವೈದ್ಯೆಯ ಮಾತು ಆಗ ಕಿವಿಯಲ್ಲಿ ಕೇಳಿಸಿತು, ನಾನು ಮೋಸಹೋಗಿದ್ದೇನೆ ಎಂಬುದು ಅರ್ಥವಾದದ್ದು ಆ ಕ್ಷಣದಲ್ಲಿ.

ಮೊದಲನೆಯ ವೈದ್ಯರಿಗೆ ಫೋನ್ ಮಾಡಿದೆ. ‘ರೂಟ್ ಕೆನಾಲ್ ಆದ ಮೇಲೆ ಕೆಲವು ದಿನ ಹಾಗೇ ಇರುತ್ತದೆ’ ಎಂದರು. ಕಚ್ಚಿದಾಗ ಕೆಲವು ದಿನ ನೋವಿರಬಹುದು ಎಂಬುದು ಸರಿ, ಆದರೆ ನರವೇ ಇಲ್ಲದ ಹಲ್ಲಿಗೆ ತಣ್ಣೀರು ಹೇಗೆ ತಿಳಿಯುತ್ತದೆ ಎಂದು ಕೇಳಿದೆ. ‘ಒಮ್ಮೆ ಬನ್ನಿ’ ಎಂದರು. ಹೋದೆ. ಆಗ ಕೇಳಿದ ಉತ್ತರವನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ: ‘ಬಹುಶಃ ಪಕ್ಕದ ಹಲ್ಲಿಗೂ ಹರಡಿರಬೇಕು. ಅದಕ್ಕೂ ರೂಟ್ ಕೆನಾಲ್ ಮಾಡಿಬಿಡೋಣ.’ ಅವತ್ತೂ ಪರೀಕ್ಷೆ ಇಲ್ಲ. ತಂಪು ಇಟ್ಟು ನೋಡಲಿಲ್ಲ, ತಟ್ಟಿ ನೋಡಲಿಲ್ಲ. ಒಂದು ಹಲ್ಲಿನ ನರ ತೆಗೆದಾಗಿದೆ, ಇನ್ನೊಂದನ್ನೂ ತೆಗೆಯಲು ಅದೇ ದನಿಯಲ್ಲಿ, ಅದೇ ಆತುರದಲ್ಲಿ ಸಿದ್ಧರಾಗಿದ್ದರು. ಮಾತಾಡಲಾಗದೆ ಎದ್ದು ಬಂದೆ.

ಎರಡನೆಯ ವೈದ್ಯೆಯ ಬಳಿಗೆ ಮತ್ತೆ ಹೋಗಲು ನಾಲ್ಕು ದಿನ ಹಿಂಜರಿದೆ. ಯಾವ ಮುಖ ಹೊತ್ತು ಹೋಗಲಿ? ಅವರು ಒಂದು ಮಾತೂ ಆಡಿ ತೋರಿಸಲಿಲ್ಲ. ಅದೇ ಹತ್ತಿಯುಂಡೆ ತೆಗೆದುಕೊಂಡು ಪರೀಕ್ಷೆ ಮಾಡಿದರು. ಕ್ಯಾಪಿನ ಹಲ್ಲು ಸುಮ್ಮನಿತ್ತು, 36 ಮೊದಲಿನಂತೆಯೇ ಬೆಚ್ಚಿಸಿತು. ಹಳೆಯ ಫಿಲ್ಲಿಂಗ್ ತೆಗೆದಾಗ ಅದರ ಅಂಚಿನ ಕೆಳಗೆ ಸ್ವಲ್ಪ ಹುಳುಕು ಇತ್ತು, ನರದವರೆಗೆ ಇಳಿದಿರಲಿಲ್ಲ. ಅದನ್ನು ಸ್ವಚ್ಛ ಮಾಡಿ ಹೊಸ ಫಿಲ್ಲಿಂಗ್ ಹಾಕಿದರು. ಹತ್ತು ದಿನದೊಳಗೆ ಜುಮ್ಮೆನ್ನುವುದು ನಿಂತೇ ಹೋಯಿತು. ಮೊದಲ ದಿನವೇ ಮುಗಿಯಬಹುದಾಗಿದ್ದ ಕೆಲಸ ಅದು.

ಆ ಕೆಂಪು ರಕ್ತದ ಬಗ್ಗೆ ಕೇಳಿದೆ. ಅವರು ಹೇಳಿದ್ದನ್ನು ಎಲ್ಲರೂ ತಿಳಿದುಕೊಂಡಿರಬೇಕು. ಬೇರಿನ ತುದಿಯ ಮೂಳೆಯಲ್ಲಿ ಕಪ್ಪು ನೆರಳು ಮೂಡುವುದು ಸಾಮಾನ್ಯವಾಗಿ ಒಳಗಿನ ನರ ಸತ್ತ ಮೇಲೆ. ಸತ್ತ ನರವಿರುವ ಹಲ್ಲಿಗೆ ತಣ್ಣೀರು ತಾಗಿದರೆ ತಿಳಿಯುವುದಿಲ್ಲ. ‘ತಣ್ಣೀರಿಗೆ ಜುಮ್ಮೆನ್ನುವುದು ಈ ಹಲ್ಲು’ ಎನ್ನುವುದೂ ‘ಇದೇ ಹಲ್ಲಿನ ಬೇರಿನ ತುದಿಗೆ ಕೀವು ಇಳಿದಿದೆ’ ಎನ್ನುವುದೂ 35ರಂಥ ಒಂದೇ ಬೇರಿರುವ ಹಲ್ಲಿನಲ್ಲಿ ಒಟ್ಟಿಗೆ ಹೊಂದುವುದು ಅಪರೂಪ. ಕೆಂಪು ರಕ್ತ ಬಂತೆಂದರೆ ಒಳಗೆ ಜೀವವಿದ್ದಿರಬೇಕು. ಅಲ್ಲದೆ ನರ ಸುಮ್ಮಸುಮ್ಮನೆ ಸಾಯುವುದಿಲ್ಲ, ಅದಕ್ಕೆ ಆಳವಾದ ಹುಳುಕೋ, ಬಿರುಕೋ, ಪೆಟ್ಟೋ, ದೊಡ್ಡ ಫಿಲ್ಲಿಂಗೋ ಕಾರಣವಾಗಿರಬೇಕು. ನನ್ನ 35ರಲ್ಲಿ ಅಂಥದ್ದೇನೂ ಇರಲಿಲ್ಲ. ಇಷ್ಟು ಸರಳವಾದ ಲೆಕ್ಕವನ್ನು ವರ್ಷಗಟ್ಟಲೆ ಓದಿ ಬಂದವರು ಒಂದು ನಿಮಿಷ ಯೋಚಿಸಲಿಲ್ಲವಲ್ಲ ಎಂಬುದೇ ನನ್ನ ಸಂಕಟ.

ಮೊದಲನೆಯವರ ಬಳಿ ಕೊನೆಯ ಸಲ ಹೋಗಿ ಎಕ್ಸ್‌-ರೇ ಮತ್ತು ಚಿಕಿತ್ಸೆಯ ದಾಖಲೆಗಳನ್ನು ಕೇಳಿದೆ, ಆದದ್ದನ್ನೂ ಹೇಳಿದೆ. ‘ನೀವೇ ಆ ಹಲ್ಲನ್ನು ತೋರಿಸಿದಿರಿ, ನೀವೇ ಸಹಿ ಹಾಕಿದಿರಿ’ ಎಂದರು. ಹೌದು, ಎರಡೂ ನಿಜ. ಬೆರಳು ತೋರಿಸುವುದು ರೋಗಿಯ ಕೆಲಸ, ಆ ಬೆರಳು ಸರಿಯಾದ ಹಲ್ಲಿನ ಮೇಲಿದೆಯೇ ಎಂದು ಪರೀಕ್ಷಿಸುವುದು ವೈದ್ಯರ ಕೆಲಸ ತಾನೆ ಎಂದು ಕೇಳಿದೆ. ‘ರೂಟ್ ಕೆನಾಲ್ ಚೆನ್ನಾಗಿ ಆಗಿದೆ, ಆ ಹಲ್ಲಿಗೆ ಇನ್ನು ಮುಂದೆ ನೋವೇ ಬರುವುದಿಲ್ಲ, ಒಳ್ಳೆಯದೇ ಆಯಿತಲ್ಲ’ ಎಂದರು. ಈ ಮಾತಿಗೆ ಏನು ಉತ್ತರ ಕೊಡಬೇಕೆಂದು ನನಗೆ ಇಂದಿಗೂ ತಿಳಿದಿಲ್ಲ.

ದಂತವೈದ್ಯರ ನಡುವೆ ಭಿನ್ನಾಭಿಪ್ರಾಯ ಬಂದರೆ ಒಬ್ಬರು ಮೋಸಗಾರರೇ ಆಗಿರಬೇಕೆಂದಿಲ್ಲ, ಇದನ್ನು ಸಿಟ್ಟಿನಲ್ಲೂ ಹೇಳಬೇಕು. ನರ ಸುಧಾರಿಸಿಕೊಳ್ಳಬಹುದೋ ಇಲ್ಲವೋ ಎಂಬ ಗಡಿಯಲ್ಲಿರುವ ಹಲ್ಲುಗಳಿರುತ್ತವೆ, ಅಲ್ಲಿ ಇಬ್ಬರು ಒಳ್ಳೆಯ ವೈದ್ಯರೂ ಬೇರೆ ಬೇರೆ ಮಾತು ಹೇಳಬಹುದು. ಎಕ್ಸ್‌-ರೇ ಇಲ್ಲದ್ದನ್ನು ತೋರಿಸುವಂತೆಯೇ ಇರುವುದನ್ನು ಮರೆಸಲೂ ಬಹುದು. ಮೂಳೆಯ ಖನಿಜಾಂಶ ಶೇ. 30ರಿಂದ 50ರಷ್ಟು ಕರಗುವವರೆಗೆ ಅದರಲ್ಲಿ ನೆರಳೇ ಕಾಣದೆ ಇರಬಹುದಂತೆ. ಆದುದರಿಂದಲೇ ಇಬ್ಬರಲ್ಲಿ ಯಾರು ಏನು ಹೇಳಿದರು ಎಂಬುದಕ್ಕಿಂತ ಯಾರು ಏನು ಪರೀಕ್ಷೆ ಮಾಡಿ ಹೇಳಿದರು ಎಂದು ನೋಡಿ. ತಂಪಿನ ಪರೀಕ್ಷೆ ಮಾಡಿದರೇ, ಪಕ್ಕದ ಹಲ್ಲುಗಳಿಗೂ ಮಾಡಿದರೇ, ತಟ್ಟಿ ನೋಡಿದರೇ, ಕಪ್ಪು ನೆರಳು ಕಂಡರೆ ಇನ್ನೊಂದು ಕೋನದಿಂದ ಚಿತ್ರ ತೆಗೆದರೇ ಎಂದು ಕೇಳಿ. ಕೇಳಿದ್ದಕ್ಕೆ ಸಿಡಿಮಿಡಿಗೊಂಡರೆ ಆ ಕುರ್ಚಿಯಿಂದ ಎದ್ದು ಬನ್ನಿ. ಇನ್ನೊಬ್ಬರ ಬಳಿ ಹೋದಾಗ ಮೊದಲನೆಯವರು ಹೇಳಿದ್ದನ್ನು ಮೊದಲೇ ಹೇಳಬೇಡಿ, ಅವರು ತಾವಾಗಿ ನೋಡಿ ಹೇಳಲಿ.

ಹಾಗೆಂದು ನನ್ನ ಕಥೆ ಓದಿ ನಿಜವಾಗಿ ಬೇಕಾದ ರೂಟ್ ಕೆನಾಲನ್ನು ಯಾರೂ ಮುಂದೂಡಬೇಡಿ. ತಂಪು ತಾಗಿ ಎದ್ದ ನೋವು ಅರ್ಧ ನಿಮಿಷ ದಾಟಿಯೂ ಇಳಿಯದಿದ್ದರೆ, ಬಿಸಿಗೆ ಮಿಡಿಯುತ್ತಿದ್ದರೆ, ಏನೂ ತಾಗದೆಯೇ ನಡುರಾತ್ರಿ ಎಬ್ಬಿಸುತ್ತಿದ್ದರೆ ನರ ಸುಧಾರಿಸುವ ಹಂತ ದಾಟಿರಬಹುದು. ವಸಡಿನ ಮೇಲೆ ಕೀವಿನ ಗುಳ್ಳೆ ಎದ್ದರೆ ನೋವಿಲ್ಲವೆಂದು ಸುಮ್ಮನಿರಬೇಡಿ. ಮುಖ ಊದಿಕೊಂಡು ಜ್ವರ ಬಂದರೆ, ನುಂಗಲು ಕಷ್ಟವಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಎರಡನೆಯ ಅಭಿಪ್ರಾಯಕ್ಕೆಂದು ಕಾಯುವಂತಿಲ್ಲ. ನನಗೆ ಇದ್ಯಾವುದೂ ಇರಲಿಲ್ಲ. ಕಾಯಲು ನನಗೆ ಬೇಕಾದಷ್ಟು ಸಮಯವಿತ್ತು, ನನ್ನನ್ನು ಕಾಯಲು ಬಿಡಲಿಲ್ಲ.

ಒಂದು ವರ್ಷದ ನಂತರ 35ರ ಬೇರಿನ ತುದಿ ಹೇಗಿದೆ ಎಂದು ಎಕ್ಸ್‌-ರೇ ತೆಗೆದು ನೋಡಬೇಕೆಂದು ದಂತವೈದ್ಯೆ ಹೇಳಿದ್ದಾರೆ. ನರ ತೆಗೆದು ತುಂಬಿಸಿದ ಹಲ್ಲಿಗೆ ಆ ಕಾವಲು ಬೇಕೇ ಬೇಕಂತೆ. ಮೊದಲಿದ್ದಂತೆ ಬಿಟ್ಟಿದ್ದರೆ ಅದಕ್ಕೆ ಇದ್ಯಾವುದೂ ಬೇಕಿರಲಿಲ್ಲ.