ಲೇಆಫ್ಸ್ ಡಾಟ್ ಎಫ್‌ವೈಐ: ಕೆಲಸ ಹುಡುಕುವ ಪ್ರೋಗ್ರಾಮರಿಗೆ ಎಷ್ಟು ಉಪಯೋಗ?

ಒಂದು ಸ್ಟಾರ್ಟಪ್ ಮುಚ್ಚಿದರೆ ಅದೇ ವಾರ ಅಲ್ಲಿನವರ ರೆಸ್ಯೂಮೆಗಳೆಲ್ಲ ಒಟ್ಟಿಗೆ ಮಾರುಕಟ್ಟೆಗೆ ಬರುತ್ತವೆ. ಅವು ಯಾವ ಕಡೆಯಿಂದ ಬರುತ್ತಿವೆ ಎಂದು ತಿಳಿಯಲು ಪುಕ್ಕಟೆ ಸಿಗುವ ಒಳ್ಳೆಯ ಸಾಧನ ಲೇಆಫ್ಸ್ ಡಾಟ್ ಎಫ್‌ವೈಐ, ಟೆಕ್ ಕಂಪನಿಗಳ ಉದ್ಯೋಗ ಕಡಿತಗಳನ್ನು ದಾಖಲಿಸುವ ತಾಣ. ಸ್ಯಾನ್ ಫ್ರಾನ್ಸಿಸ್ಕೊದ ರೋಜರ್ ಲೀ ಇದನ್ನು ಕೋವಿಡ್ ಶುರುವಾದಾಗ, 2020ರ ಮಾರ್ಚ್‌ನಲ್ಲಿ ತೆರೆದರು.

ತಾಣದ ಜೀವಾಳ ಒಂದು ದೊಡ್ಡ ಟೇಬಲ್: ಕಂಪನಿ, ಮುಖ್ಯ ಕಚೇರಿಯ ಊರು, ತೆಗೆದವರ ಸಂಖ್ಯೆ, ಶೇಕಡಾವಾರು, ದಿನಾಂಕ, ಉದ್ಯಮ, ಫಂಡಿಂಗ್ ಹಂತ, ಎತ್ತಿದ ಬಂಡವಾಳ, ದೇಶ, ಸುದ್ದಿಯ ಲಿಂಕ್. ಲ್ಯಾಪ್‌ಟಾಪಿನಲ್ಲೇ ತೆರೆಯಿರಿ, ಇಷ್ಟು ಅಗಲದ ಟೇಬಲ್ ಫೋನಿನಲ್ಲಿ ಓದಲಾಗದು. ದೇಶಕ್ಕೆ ಭಾರತ ಎಂದು ಫಿಲ್ಟರ್ ಹಾಕಿ, ದಿನಾಂಕದಂತೆ ಜೋಡಿಸಿ, ಮೊದಲು ಶೇಕಡಾವಾರು ಕಾಲಂ ನೋಡಿ. ಸಂಖ್ಯೆಗಿಂತ ಅದು ಹೆಚ್ಚು ಹೇಳುತ್ತದೆ.

ದಿನಸಿ ಮನೆಗೆ ತಲುಪಿಸುತ್ತಿದ್ದ ಬೆಂಗಳೂರಿನ ಡನ್ಜೋ ಉದಾಹರಣೆ ತೆಗೆದುಕೊಳ್ಳಿ. 2022ರ ಜನವರಿಯಲ್ಲಿ ರಿಲಯನ್ಸ್ ಮುಂದಾಳತ್ವದಲ್ಲಿ 24 ಕೋಟಿ ಡಾಲರ್ ಬಂಡವಾಳ ಬಂತು. ಮರುವರ್ಷದ ಜನವರಿಯಲ್ಲಿ ಶೇ. 3ರಷ್ಟು ಮಂದಿಯನ್ನು ತೆಗೆದ ವರದಿ, ಏಪ್ರಿಲ್‌ನಲ್ಲಿ ಶೇ. 30, 2024ರ ಆಗಸ್ಟ್‌ನಲ್ಲಿ ಶೇ. 75ರಷ್ಟು. 2025ರ ಜನವರಿಯಲ್ಲಿ ಆ್ಯಪ್ಪೇ ನಿಂತಿತು. ಬಂಡವಾಳದ ಕಾಲಂ ಮಾತ್ರ ನೋಡಿ ಆಫರ್ ಒಪ್ಪಿಕೊಳ್ಳುವವರು ಈ ಸರಣಿಯನ್ನು ಗಮನಿಸಬೇಕು. ಒಂದೇ ವರ್ಷದೊಳಗೆ ಎರಡನೆಯ ಕಡಿತ ಮೊದಲನೆಯದಕ್ಕಿಂತ ದೊಡ್ಡದಾಗಿದ್ದರೆ, ಸಂದರ್ಶನದಲ್ಲಿ ಇನ್ನೆಷ್ಟು ತಿಂಗಳಿಗೆ ಹಣವಿದೆ ಎಂದು ನೇರವಾಗಿ ಕೇಳಿ.

ಇನ್ನು ಕೊರತೆಗಳು. ತಾಣದ ಲೆಕ್ಕದಲ್ಲಿ 2023ರಲ್ಲಿ ಕೆಲಸ ಕಳೆದುಕೊಂಡವರು ಸುಮಾರು 2.6 ಲಕ್ಷ. ಇದನ್ನು ಪ್ರೋಗ್ರಾಮರ್‌ಗಳ ಸಂಖ್ಯೆಯೆಂದು ಹಂಚುವವರಿದ್ದಾರೆ, ಅದು ತಪ್ಪು. ಸೇಲ್ಸ್, ಎಚ್‌ಆರ್, ಕಸ್ಟಮರ್ ಸಪೋರ್ಟ್ ಎಲ್ಲವೂ ಅದರಲ್ಲಿವೆ. ಹುದ್ದೆಯ ಕಾಲಂ ಇಲ್ಲ. ದೇಶ ಎಂದರೆ ಮುಖ್ಯ ಕಚೇರಿಯ ದೇಶ, ಹಾಗಾಗಿ ಗೂಗಲ್ 2023ರ ಜನವರಿಯಲ್ಲಿ ಘೋಷಿಸಿದ 12,000 ಮಂದಿಯ ಕಡಿತ ಅಮೆರಿಕದ ಲೆಕ್ಕಕ್ಕೆ ಹೋಗುತ್ತದೆ, ಕೆಲಸ ಹೋದದ್ದು ಯಾವ ಊರಿನಲ್ಲೇ ಇರಲಿ. ರಾಜೀನಾಮೆ ಬರೆಸಿಕೊಂಡು ಸದ್ದಿಲ್ಲದೆ ಕಳಿಸುವುದು ಸುದ್ದಿಯಾಗುವುದಿಲ್ಲ, ಟೇಬಲ್‌ಗೂ ಬರುವುದಿಲ್ಲ.

ನನ್ನ ದೊಡ್ಡ ತಕರಾರು ಬೇರೆ. ಮಂದಿ ಕಡಿಮೆ ಮಾಡಿದ ಕಂಪನಿಯೂ ಬಾಗಿಲು ಹಾಕಿದ ಕಂಪನಿಯೂ ಇಲ್ಲಿ ಒಂದೇ ಥರದ ಸಾಲುಗಳು. ಮಾರುಕಟ್ಟೆಯಲ್ಲಿ ಎರಡರ ಪರಿಣಾಮ ಒಂದೇ ಅಲ್ಲ. 2024ರ ಜುಲೈನಲ್ಲಿ ಟ್ವಿಟರ್‌ನಂಥ ಭಾರತೀಯ ಆ್ಯಪ್ ‘ಕೂ’ ಮುಚ್ಚಿತು. ಹಾಗೆ ಮುಚ್ಚಿದಾಗ ಜೂನಿಯರ್‌ನಿಂದ ಆರ್ಕಿಟೆಕ್ಟ್‌ವರೆಗೆ, ಒಂದೇ ಸ್ಟ್ಯಾಕ್ (ತಂತ್ರಜ್ಞಾನಗಳ ಜೋಡಣೆ) ಬಲ್ಲ ಇಡೀ ತಂಡ ಒಟ್ಟಿಗೆ ಹೊರಬರುತ್ತದೆ. ಎಲ್ಲರೂ ತಕ್ಷಣ ಸೇರಬಲ್ಲರು. ತೊಂಬತ್ತು ದಿನದ ನೋಟಿಸ್ ಪೀರಿಯಡ್ ಮಾಮೂಲಾಗಿರುವಲ್ಲಿ ಅದೊಂದು ಅನುಕೂಲ. ಆದರೆ ಅದನ್ನೇ ಹಿಡಿದು ಸಿಟಿಸಿ (ವರ್ಷದ ಒಟ್ಟು ಸಂಬಳ) ಇಳಿಸುವ ರಿಕ್ರೂಟರ್‌ಗಳೂ ಇದ್ದಾರೆ. ಹಳೆಯ ಸಂಬಳವನ್ನು ಮೊದಲೇ ಹೇಳಬೇಡಿ, ಆ ಹುದ್ದೆಗೆ ಇಟ್ಟಿರುವ ಬಜೆಟ್ ಕೇಳಿ. ಉದ್ಯಮದ ಕಾಲಂ ಇಲ್ಲಿ ಕೆಲಸಕ್ಕೆ ಬರುತ್ತದೆ: ಕ್ವಿಕ್ ಕಾಮರ್ಸ್‌ನಲ್ಲಿ (ನಿಮಿಷಗಳಲ್ಲಿ ಸಾಮಾನು ತಲುಪಿಸುವ ವ್ಯಾಪಾರ) ಕಡಿತ ನಡೆದಿದ್ದರೆ, ಅದೇ ಬ್ಯಾಕೆಂಡ್ ಅನುಭವವನ್ನು ಬ್ಯಾಂಕುಗಳ ಮತ್ತು ರಿಟೇಲ್ ಕಂಪನಿಗಳ ಜಿಸಿಸಿಗಳಿಗೆ (ವಿದೇಶಿ ಕಂಪನಿಗಳು ಇಲ್ಲಿ ನಡೆಸುವ ಸ್ವಂತ ಕೇಂದ್ರಗಳು) ತೋರಿಸಿ.

ಮುಚ್ಚಿದ ಕಂಪನಿಯವರಿಗೆ ಬೇಕಾದ ಕಾಗದಪತ್ರದ ಮಾಹಿತಿ ತಾಣದಲ್ಲಿ ಇಲ್ಲವೇ ಇಲ್ಲ. ಹೊಸ ಕಡೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ನಡೆಯುವಾಗ ಹಳೆಯ ಎಚ್‌ಆರ್ ಇಮೇಲ್ ಸತ್ತಿರುತ್ತದೆ. ಆಫೀಸ್ ಲಾಗಿನ್ ಹೋಗುವ ಮೊದಲೇ ಆಫರ್ ಲೆಟರ್, ಪೇಸ್ಲಿಪ್, ಫಾರ್ಮ್ 16 (ಸಂಬಳದ ತೆರಿಗೆ ಕಡಿತದ ಪ್ರಮಾಣಪತ್ರ) ಮತ್ತು ರಿಲೀವಿಂಗ್ ಲೆಟರ್ ಇಳಿಸಿಕೊಳ್ಳಿ. ಪಿಎಫ್ ಹಣ ಮುಂದಿನ ತಿಂಗಳ 15ರೊಳಗೆ ಜಮೆಯಾಗಬೇಕು. ಪಿಎಫ್ ಪಾಸ್‌ಬುಕ್‌ನಲ್ಲಿ ತಿಂಗಳು ತಪ್ಪಿದ್ದರೆ ಅದು ಯಾವ ಟ್ರ್ಯಾಕರ್‌ಗಿಂತಲೂ ಮೊದಲೇ ಸಿಗುವ ಎಚ್ಚರಿಕೆ. ಸಂಬಳದಿಂದ ಕಡಿತವಾದ ತೆರಿಗೆ (ಟಿಡಿಎಸ್) ಸರ್ಕಾರಕ್ಕೆ ಹೋಗಿದೆಯೇ ಎಂಬುದು ಫಾರ್ಮ್ 26ಎಎಸ್‌ನಲ್ಲಿ ಕಾಣುತ್ತದೆ. ಕಂಪನಿ ಕೆಲಸ ಬಿಟ್ಟ ದಿನಾಂಕ ಹಾಕದಿದ್ದರೆ, ಕೊನೆಯ ಜಮೆಯಾಗಿ ಎರಡು ತಿಂಗಳ ಬಳಿಕ ಭವಿಷ್ಯ ನಿಧಿ ಸಂಸ್ಥೆ ಇಪಿಎಫ್‌ಒದ ಪೋರ್ಟಲ್‌ನಲ್ಲಿ ನೀವೇ ಮಾರ್ಕ್ ಎಗ್ಸಿಟ್ ಮಾಡಬಹುದು. ದಿವಾಳಿ ಪ್ರಕ್ರಿಯೆ ಶುರುವಾಗಿದ್ದರೆ ಬಾಕಿ ಸಂಬಳಕ್ಕೆ ಫಾರ್ಮ್ ಡಿ ತುಂಬಿ, ಪ್ರಕಟಣೆಯಲ್ಲಿ ಕೊಟ್ಟ ಗಡುವಿನೊಳಗೆ ರೆಸಲ್ಯೂಶನ್ ಪ್ರೊಫೆಷನಲ್‌ಗೆ (ಆ ಪ್ರಕ್ರಿಯೆ ನಡೆಸಲು ನೇಮಕವಾದವರು) ಕಳಿಸಿ.