ಕಡಲತೀರವಿಲ್ಲದ ಗೋವಾ: ಹಳೇ ಗೋವಾದ ಚರ್ಚುಗಳಿಗೂ ವಸ್ತುಸಂಗ್ರಹಾಲಯಗಳಿಗೂ ಮೂರು ದಿನಗಳ ಗುಂಪು ಪ್ರವಾಸ

ಮಂಗಳೂರಿನ ಪ್ರವಾಸ ಸಂಸ್ಥೆಯೊಂದು ಏರ್ಪಡಿಸಿದ್ದ ಹಳೇ ಗೋವಾ ಪ್ರವಾಸಕ್ಕೆ ನಮ್ಮ ಧರ್ಮಕೇಂದ್ರದಿಂದ 38 ಮಂದಿ ಹೋಗಿಬಂದೆವು. ಗೋವಾ ಯಾತ್ರೆ ನಮ್ಮ ಕಡೆಯವರಿಗೆ ಹೊಸದೇನಲ್ಲ. ಬೊಮ್ ಜೀಸಸ್ ಬೆಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಪವಿತ್ರ ಶರೀರದ ಮುಂದೆ ಕೈಮುಗಿದು, ಊಟ ಮುಗಿಸಿ, ಸಂಜೆಯ ಹೊತ್ತಿಗೆ ಕಡಲತೀರ ಸೇರುವುದು ರೂಢಿ. ಈ ಪ್ರವಾಸದಲ್ಲಿ ಕಡಲತೀರವನ್ನು ಪೂರ್ತಿಯಾಗಿ ಕೈಬಿಟ್ಟು, ಆ ಸಮಯವನ್ನು ಎರಡು ವಸ್ತುಸಂಗ್ರಹಾಲಯಗಳಿಗೂ ಸಂತ ಅಗಸ್ಟೀನರ ಮಠದ ಅವಶೇಷಗಳಿಗೂ ಮೀಸಲಿಟ್ಟಿದ್ದರು. ನಾವು ಇದನ್ನು ಆರಿಸಿಕೊಂಡದ್ದು ಆ ಕಾರಣಕ್ಕೇ. ಕೊಟ್ಟ ಹಣಕ್ಕೆ ಬಹುಮಟ್ಟಿಗೆ ನ್ಯಾಯ ಸಿಕ್ಕಿತು; ಸಿಗದ ಒಂದೆಡೆಯ ಬಗ್ಗೆಯೂ ಮುಂದೆ ಬರೆಯುತ್ತೇನೆ.

ರಾತ್ರಿ ಹೊರಟ ಬಸ್ಸು ಬೆಳಗಿನ ಪೂಜೆಯ ಹೊತ್ತಿಗೆ ನಮ್ಮನ್ನು ಬೆಸಿಲಿಕಾದ ಎದುರು ಇಳಿಸಿತು. ಪೂಜೆ ಮುಗಿದ ಮೇಲೆ ನಮ್ಮ ಮಾರ್ಗದರ್ಶಿ ಎಲ್ಲರನ್ನೂ ಹೊರಗಿನ ಗೋಡೆಯ ಬಳಿ ನಿಲ್ಲಿಸಿ, ಮೊದಲು ಕಲ್ಲನ್ನು ಮುಟ್ಟಿ ನೋಡಲು ಹೇಳಿದರು. ನಮ್ಮ ಮನೆಗಳಿಗೂ ಬಾವಿಗಳಿಗೂ ಬಳಸುವ ಅದೇ ಮುರಕಲ್ಲು. 1605ರಲ್ಲಿ ಪ್ರತಿಷ್ಠಾಪನೆಯಾದ ಈ ಚರ್ಚಿಗೆ ಹಿಂದೆ ಸುಣ್ಣದ ಗಾರೆಯ ಹೊದಿಕೆ ಇತ್ತೆಂದೂ, 1950ರ ದಶಕದಲ್ಲಿ ಅದನ್ನು ಕಿತ್ತುಹಾಕಿದ ಮೇಲೆ ಮಳೆನೀರು ನೇರವಾಗಿ ಕಲ್ಲಿಗಿಳಿಯುತ್ತಿದೆಯೆಂದೂ ಅವರು ವಿವರಿಸಿದಾಗ, ಕೆಂಪು ಗೋಡೆಯ ಚೆಲುವನ್ನಷ್ಟೇ ಕಂಡಿದ್ದ ನಮಗೆ ಮನಸ್ಸಿಗೆ ಕಸಿವಿಸಿಯಾಯಿತು. ಕರಾವಳಿಯ ಮಳೆಗೆ ಮುರಕಲ್ಲಿನ ಗೋಡೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಒಳಗೆ ಸಂತರ ಶರೀರವಿರುವ ಬೆಳ್ಳಿಯ ಪೆಟ್ಟಿಗೆ ತುಂಬ ಎತ್ತರದಲ್ಲಿದೆ. ಹತ್ತು ವರ್ಷಕ್ಕೊಮ್ಮೆ ನಡೆಯುವ ದರ್ಶನದ ಕಾಲದಲ್ಲಿ, ಎಂದರೆ ಕಳೆದ ಬಾರಿ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಆದಂತೆ, ಶರೀರವನ್ನು ಕೆಳಗಿಳಿಸಿ ಎದುರಿನ ಸೇ ಕೆಥೆಡ್ರಲ್‌ಗೆ ಒಯ್ಯುತ್ತಾರೆ. ಉಳಿದ ದಿನಗಳಲ್ಲಿ ಕೆಳಗಿನಿಂದಲೇ ನೋಡಬೇಕು. ಪೆಟ್ಟಿಗೆಯ ಮೇಲಿನ ಕೆತ್ತನೆ ಕೆಳಗೆ ನಿಂತವರಿಗೆ ಕಾಣುವುದಿಲ್ಲವೆಂದು ಮಾರ್ಗದರ್ಶಿ ಅದರ ದೊಡ್ಡ ಛಾಯಾಚಿತ್ರಗಳನ್ನು ತಂದಿದ್ದರು. ಹೊರಗಿನ ನೆರಳಿನಲ್ಲಿ ಕುಳಿತು ಅವನ್ನು ಕೈಯಿಂದ ಕೈಗೆ ದಾಟಿಸುತ್ತ ನೋಡಿದೆವು. ಅಮೃತಶಿಲೆಯ ಸಮಾಧಿಪೀಠ ಫ್ಲಾರೆನ್ಸಿನ ಶಿಲ್ಪಿ ಫೊಗ್ಗಿನಿಯ ಕೆಲಸ. ಟಸ್ಕನಿಯ ಗ್ರ್ಯಾಂಡ್ ಡ್ಯೂಕ್ ಮೂರನೆಯ ಕೊಸಿಮೊ ಕಳಿಸಿದ ಕಾಣಿಕೆಯಾದ ಅದನ್ನು 1698ರಲ್ಲಿ ಇಲ್ಲಿ ಜೋಡಿಸಲಾಯಿತು. ಅದಕ್ಕೂ ಅರವತ್ತು ವರ್ಷ ಮೊದಲೇ, 1637ರ ಸುಮಾರಿಗೆ, ಬೆಳ್ಳಿಯ ಪೆಟ್ಟಿಗೆಯನ್ನು ಮಾಡಿ ಮುಗಿಸಿದವರು ಗೋವಾದ ಅಕ್ಕಸಾಲಿಗರು. ಇದನ್ನು ಕೇಳಿದ ಮೇಲೆ ಮತ್ತೊಮ್ಮೆ ಒಳಗೆ ಹೋಗಿ ನೋಡಲು ಅವರು ಸಮಯ ಕೊಟ್ಟರು. ಅಂಥ ತಾಳ್ಮೆಯನ್ನು ನಾನು ಬೇರೆ ಗುಂಪು ಪ್ರವಾಸಗಳಲ್ಲಿ ಕಂಡಿಲ್ಲ.

ರಸ್ತೆಯ ಆಚೆ ಬದಿಗೆ, 1776ರಲ್ಲಿ ಒಂದು ಗೋಪುರ ಕುಸಿದು ಒಂಟಿ ಗೋಪುರದಲ್ಲೇ ಉಳಿದಿರುವ ಸೇ ಕೆಥೆಡ್ರಲ್ ಇದೆ. ಅದರ ಹಿಂಬದಿಯಲ್ಲಿ ಸಂತ ಫ್ರಾನ್ಸಿಸ್ ಅಸಿಸಿಯವರ ಚರ್ಚು, ಅದಕ್ಕೆ ಅಂಟಿಕೊಂಡ ಮಠದಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆಯ ವಸ್ತುಸಂಗ್ರಹಾಲಯ. ಗೋವಾವನ್ನು ಗೆದ್ದ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್‌ನ ಕಂಚಿನ ಪ್ರತಿಮೆ, ವೈಸ್‌ರಾಯ್‌ಗಳ ಸಾಲುಸಾಲು ಚಿತ್ರಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಆದರೆ ನಮ್ಮ ಗುಂಪು ಹೆಚ್ಚು ಹೊತ್ತು ನಿಂತದ್ದು ವೀರಗಲ್ಲುಗಳ ಮುಂದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ ಎಂಬ ಕ್ರಮವನ್ನು ಊರ ದೇವಸ್ಥಾನದ ಅಂಗಳದಲ್ಲಿ ನೋಡಿ ಬೆಳೆದವರಿಗೆ ಅಲ್ಲಿ ಫಲಕ ಬೇಕಾಗುವುದಿಲ್ಲ. ಕದಂಬರು ಆಳಿದ, ಬಳಿಕ ವಿಜಯಪುರದ ಆದಿಲ್‌ಶಾಹಿಗಳ ಕೈಸೇರಿದ್ದ ನೆಲವನ್ನು 1510ರ ನವೆಂಬರ್ 25ರಂದು ಪೋರ್ಚುಗೀಸರು ಗೆದ್ದುಕೊಂಡರು. ಅದು ಸಂತ ಕ್ಯಾಥರೀನಳ ಹಬ್ಬದ ದಿನವಾದ್ದರಿಂದ ಕೆಥೆಡ್ರಲ್ ಆಕೆಯ ಹೆಸರಿನಲ್ಲಿದೆ. ಬೆಳಿಗ್ಗೆ ಪ್ರಾರ್ಥನೆ ಮಾಡಿದ ಊರಿನ ಈ ಹಿಂದಿನ ಬದುಕನ್ನು ಅದೇ ದಿನ ಮಧ್ಯಾಹ್ನ ಕಲ್ಲಿನಲ್ಲಿ ಕಂಡದ್ದು ನನಗೆ ಬಹಳ ಮುಖ್ಯವೆನಿಸಿತು.

ಎರಡನೆಯ ದಿನ ಬೆಳಿಗ್ಗೆ ಪವಿತ್ರ ಗುಡ್ಡವನ್ನು ಹತ್ತಿ ಅಗಸ್ಟೀನರ ಚರ್ಚಿನ ಅವಶೇಷಗಳಿಗೆ ಹೋದೆವು. 1835ರಲ್ಲಿ ಮಠ ಮುಚ್ಚಿತು, 1842ರಲ್ಲಿ ಚಾವಣಿ ಕುಸಿಯಿತು. ಈಗ ಉಳಿದಿರುವುದು 46 ಮೀಟರ್ ಎತ್ತರದ ಗೋಪುರದ ಒಂದು ಪಾಲು ಮತ್ತು ನೆಲದ ತುಂಬ ಸಮಾಧಿಕಲ್ಲುಗಳು. 1624ರಲ್ಲಿ ಪರ್ಷಿಯಾದಲ್ಲಿ ಹುತಾತ್ಮಳಾದ ಜಾರ್ಜಿಯಾದ ರಾಣಿ ಕೆತೆವಾನ್‌ಳ ಅಸ್ಥಿ ಇಲ್ಲಿಯ ಉತ್ಖನನದಲ್ಲಿ ಸಿಕ್ಕಿತು. ಹೈದರಾಬಾದಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ (ಸಿಸಿಎಂಬಿ) ಪ್ರಯೋಗಾಲಯದಲ್ಲಿ ಅದರ ಡಿಎನ್‌ಎ ಪರೀಕ್ಷೆ ನಡೆಯಿತು, 2021ರಲ್ಲಿ ಭಾರತ ಅದರ ಒಂದು ಭಾಗವನ್ನು ಜಾರ್ಜಿಯಾಕ್ಕೆ ಕಾಣಿಕೆಯಾಗಿ ಕೊಟ್ಟಿತು. ಈ ಕಥೆಯನ್ನು ಅಲ್ಲೇ, ಆ ಬಯಲಿನಲ್ಲೇ ನಿಂತು ಕೇಳಿದೆವು. ನಮ್ಮ ಜೊತೆಗಿದ್ದ ಹಿರಿಯರೊಬ್ಬರು ಅಲ್ಲಿಯೇ ಜಪಸರದ ಹತ್ತು ಮಣಿಗಳ ಒಂದು ಸುತ್ತನ್ನು ಹೇಳಿಕೊಟ್ಟರು.

ಲೋಪವಾದದ್ದು ಅದರ ನಂತರ. ಸಾಂತಾ ಮೋನಿಕಾ ಕನ್ಯಾಮಠದಲ್ಲಿರುವ ಕ್ರೈಸ್ತ ಕಲಾ ಸಂಗ್ರಹಾಲಯಕ್ಕೆ ಎರಡು ಗಂಟೆ ಎಂದು ಕಾರ್ಯಕ್ರಮ ಪಟ್ಟಿಯಲ್ಲಿ ಅಚ್ಚಾಗಿತ್ತು. ದೊರೆತದ್ದು ನಲವತ್ತು ನಿಮಿಷ. ಉಳಿದ ಹೊತ್ತನ್ನು ಪಟ್ಟಿಯಲ್ಲಿಲ್ಲದ ಗೋಡಂಬಿ ಅಂಗಡಿಯೊಂದು ನುಂಗಿತು. ದಂತದ ವಿಗ್ರಹಗಳನ್ನೂ ಬೆಳ್ಳಿಯ ಪೂಜಾಪಾತ್ರೆಗಳನ್ನೂ ಓಡುತ್ತ ನೋಡಲಾಗುವುದಿಲ್ಲ. ತನ್ನ ಎದೆಯ ರಕ್ತದಿಂದ ಮರಿಗಳನ್ನು ಪೋಷಿಸುವ ಪೆಲಿಕನ್ ಹಕ್ಕಿಯ ರೂಪದಲ್ಲಿರುವ ಪರಮಪ್ರಸಾದದ ಪಾತ್ರೆಯ ಮುಂದೆ ನಿಂತಾಗಲೇ ಬಸ್ಸಿಗೆ ಕರೆ ಬಂತು. ಅಕ್ಕಸಾಲಿಗರ ಕೈಚಳಕದ ಬಗ್ಗೆ ಮೊದಲ ದಿನ ಅಷ್ಟು ಚೆನ್ನಾಗಿ ಹೇಳಿದ್ದ ಪ್ರವಾಸದಲ್ಲಿ ಆ ಕೈಗಳ ಕೆಲಸವನ್ನು ಹತ್ತಿರದಿಂದ ನೋಡಬಹುದಾದ ಜಾಗವನ್ನೇ ಮೊಟಕುಗೊಳಿಸಿದ್ದು ನಿಜಕ್ಕೂ ಬೇಸರ ತಂದಿತು. ಇದನ್ನು ಸಂಸ್ಥೆಗೆ ಬರೆದು ತಿಳಿಸಿದ್ದೇವೆ.

ವಸತಿ ಸರಳವಾಗಿತ್ತು, ಊಟ ಚೆನ್ನಾಗಿತ್ತು. ಗುಡ್ಡದ ಏರು ಮಂಡಿನೋವಿನವರಿಗೆ ಕಷ್ಟ. ಅಂಥವರನ್ನು ಮೇಲಕ್ಕೆ ಬಿಡಲು ರಿಕ್ಷಾ ಗೊತ್ತುಮಾಡಿದ್ದರು. ಪುರಾತತ್ವ ಸಂಗ್ರಹಾಲಯಕ್ಕೆ ಶುಕ್ರವಾರ ರಜೆಯಿರುವುದರಿಂದ ಹೊರಡುವ ದಿನವನ್ನು ನೋಡಿಕೊಂಡು ಆರಿಸಬೇಕು. ಕನ್ಯಾಮಠದಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಾರೆಂಬುದನ್ನು ಮುಂಗಡ ಕೊಡುವ ಮೊದಲೇ ಬರಹದಲ್ಲಿ ಪಡೆದುಕೊಳ್ಳುವುದು ಒಳ್ಳೆಯದು.