ಗ್ರಾಂಪ್ಸ್ ತಂತ್ರಾಂಶ: ಮೂರು ಮಳೆಗಾಲದ ಬಳಕೆಯ ನಂತರ

ಗ್ರಾಂಪ್ಸ್ ಎಂಬ ಉಚಿತ ವಂಶಾವಳಿ ತಂತ್ರಾಂಶವನ್ನು ನಾನು ಬಿಡದೆ ಬಳಸುತ್ತಿರುವುದಕ್ಕೆ ಮುಖ್ಯ ಕಾರಣ ಅದರೊಳಗಿನ ಒಂದು ಸಣ್ಣ ಪಟ್ಟಿ. ಒಬ್ಬರ ಮನೆತನದ ಹೆಸರು ಎಲ್ಲಿಂದ ಬಂತು ಎಂದು ಗುರುತಿಸುವ ಆ ಪಟ್ಟಿಯಲ್ಲಿ ತಂದೆಯ ಕಡೆಯಿಂದ ಎನ್ನುವುದರ ಜೊತೆಗೆ ತಾಯಿಯ ಕಡೆಯಿಂದ ಎಂಬ ಆಯ್ಕೆಯೂ ಇದೆ. ನಮ್ಮ ಕಾಸರಗೋಡಿನ ಕುಂಬಳೆ, ಮಂಜೇಶ್ವರ ಕಡೆಯ ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ, ಮನೆಯವರಿಗೆ ಇದರ ಬೆಲೆ ಗೊತ್ತು.

ಮೊದಲು ಎರಡು ವರ್ಷ ಚಂದಾ ಕಟ್ಟಿ ಬೇರೊಂದು ಜಾಲತಾಣ ಬಳಸಿದೆ. ಪಿಂಚಣಿಯಲ್ಲಿ ಬದುಕುವ ನನಗೆ ಆ ಹಣ ಸಣ್ಣದಾಗಿರಲಿಲ್ಲ. ಅಲ್ಲಿ ಕುಲನಾಮ ತುಂಬದೆ ಮುಂದೆ ಹೋಗುವಂತಿಲ್ಲ, ತುಂಬಿದರೆ ಮಕ್ಕಳೆಲ್ಲ ತಂದೆಯ ಹೆಸರಿನಡಿ ಸೇರುತ್ತಾರೆ. ನಮ್ಮ ಬರಿ (ಕುಲ) ತಾಯಿಯಿಂದ, ಕವರು (ಕುಟುಂಬದ ಕವಲು) ತಾಯಿಯಿಂದ, ಯಜಮಾನಿಕೆ ಸೋದರಮಾವನಿಂದ ಸೋದರಳಿಯನಿಗೆ. ಆ ವೃಕ್ಷದಲ್ಲಿ ನನ್ನ ಅಜ್ಜಿ ಯಾರದೋ ಹೆಂಡತಿಯಾಗಿ ಒಂದು ಮೂಲೆಯಲ್ಲಿ ಕುಳಿತಿದ್ದರು. ನೋಡಿ ತುಂಬ ನೋವಾಯಿತು.

ಈಗ ಭಾನುವಾರ ಊಟವಾದ ಮೇಲೆ ಚಾವಡಿಯ ಕಿಟಕಿ ಪಕ್ಕ ಕೂರುತ್ತೇನೆ. ಹಳೆಯ ಕಾಗದ ಬಿಡಿಸಿ, ಮೇಲೆ ಫೋಟೋ ಚೌಕಟ್ಟಿನ ಗಾಜಿಟ್ಟು, ಬೆಳಕು ಓರೆಯಾಗಿ ಬೀಳುವಾಗ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತೇನೆ. ಆಮೇಲೆ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದುತ್ತೇನೆ. ಶ್ಯಾನುಭೋಗರ ಕೂಡಕ್ಷರ ಕಣ್ಣಿಗಿಂತ ಮೊದಲು ಕಿವಿಗೆ ಬಿಡಿಸಿಕೊಳ್ಳುತ್ತದೆ. ಗ್ರಾಂಪ್ಸಿನ ತಾರೀಕಿನ ಜಾಗದಲ್ಲಿ ‘ರಕ್ತಾಕ್ಷಿ ಸಂವತ್ಸರದ ಆಟಿ’ (ಆಟಿ ಮಳೆಗಾಲದ ತುಳು ತಿಂಗಳು) ಎಂದು ಇದ್ದ ಹಾಗೇ ಬರೆದಿಡಬಹುದು. ಪ್ರತಿ ಮಾಹಿತಿಗೂ ಯಾವ ಕಾಗದ ಆಧಾರ, ಅದನ್ನು ಎಷ್ಟು ನಂಬಬಹುದು ಎಂದು ಐದು ಹಂತಗಳಲ್ಲಿ ಗುರುತು ಹಾಕಬಹುದು. ದೊಡ್ಡಮ್ಮ ಫೋನಿನಲ್ಲಿ ಹೇಳಿದ್ದಕ್ಕೂ ರಿಜಿಸ್ಟರಾದ ಮರಣಶಾಸನಕ್ಕೂ (ಉಯಿಲಿಗೂ) ಒಂದೇ ತೂಕ ಕೊಡಲಾಗದು ಎಂದು ನಾನು ಕಲಿತದ್ದು ಹೀಗೆ.

ಮನೆಯಲ್ಲಿ ಎಲ್ಲರೂ ನಂಬಿದ್ದೇನೆಂದರೆ ನಮ್ಮ ಹಿಂದಿನ ಯಜಮಾನರು ರಕ್ತಾಕ್ಷಿಯ ಆಟಿಯಲ್ಲಿ, ಅಂದರೆ 1924ರ ಮಳೆಗಾಲದಲ್ಲಿ, ಮಕ್ಕಳಿಲ್ಲದೆ ತೀರಿಕೊಂಡರು ಎಂದು. ಅದೇ ಹೆಸರಿನ ಮರಣಶಾಸನದ ತಾರೀಕು ಮಾತ್ರ 1925ರ ನವೆಂಬರ್. ಸತ್ತವರು ಶಾಸನ ಬರೆಯುವುದಿಲ್ಲವಲ್ಲ! ಒಂದು ಕಚೇರಿಗೆ ಮೂರು ಸಲ ಅಲೆದು ಮರಣ ನೋಂದಣಿ ಹುಡುಕಿಸಿದೆ. ‘ದಾಖಲೆ ಇಲ್ಲ’ ಎಂದು ಎರಡು ಸಲ ಹೇಳಿ ಕಳಿಸಿದ್ದರು. ಮದರಾಸು ಪ್ರಾಂತ್ಯದ ಕಾಲದ ಕನ್ನಡ ಕೈಬರಹ ಅಲ್ಲಿನ ಮಲಯಾಳಿ ಗುಮಾಸ್ತರಿಗೆ ಓದಲು ಬರುತ್ತಿರಲಿಲ್ಲ, ಅಷ್ಟೇ. ಮೂರನೆಯ ಸಲ ನಾನೇ ಪಕ್ಕದಲ್ಲಿ ನಿಂತು ಓದಿದೆ. ಅವರೂ ಬೆರಳಿಟ್ಟು ಒಂದೊಂದೇ ಅಕ್ಷರ ಕೇಳಿಕೊಂಡರು. ನನ್ನ ಸಿಟ್ಟು ಅಲ್ಲೇ ಇಳಿಯಿತು.

ಆ ಹೆಸರಿನವರು ಇಬ್ಬರಿದ್ದರು. ಮಾವ ಮತ್ತು ಅವರ ಹೆಸರನ್ನೇ ಇಟ್ಟ ಅಳಿಯ. ಹಳೆಯ ತಾಣದಲ್ಲಿ ಇಬ್ಬರನ್ನೂ ಒಬ್ಬರೆಂದು ಸೇರಿಸಿದ್ದವಳು ನಾನೇ. ಗ್ರಾಂಪ್ಸಿನಲ್ಲಿ ಪ್ರತಿಯೊಬ್ಬರಿಗೂ ಬೇರೆ ಸಂಖ್ಯೆ ಇರುವುದರಿಂದ ಒಂದೇ ಹೆಸರಿನವರು ಬೆರೆತುಹೋಗುವುದಿಲ್ಲ.

ಅಳಿಯನ ಶಾಸನ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಕುಟುಂಬದ ಆಸ್ತಿ ಅವರು ಬರೆದುಕೊಡುವಂಥದ್ದಲ್ಲ, ಅದು ಸಹೋದರಿಯರ ಮಕ್ಕಳಿಗೇ. ಸ್ವಂತ ದುಡಿಮೆಯ ಅಡಿಕೆ ತೋಟವನ್ನು ಮಾತ್ರ ಹೆಂಡತಿಗೂ ಮೂವರು ಮಕ್ಕಳಿಗೂ ಬಿಟ್ಟಿದ್ದರು. ಅಳಿಯಸಂತಾನದವರಿಗೆ ಶಾಸನ ಬರೆಯುವ ಹಕ್ಕನ್ನು 1898ರ ಮಲಬಾರ್ ವಿಲ್ಸ್ ಕಾಯ್ದೆ ಸ್ಪಷ್ಟಪಡಿಸಿತ್ತು. ಮಕ್ಕಳು ತಾಯಿಯ ಕುಟುಂಬದವರಾದ್ದರಿಂದ ನಮ್ಮ ಮನೆಯ ಕಾಗದಗಳಲ್ಲಿ ಅವರ ಹೆಸರೇ ಇಲ್ಲ. ಜನನ ನೋಂದಣಿಯಲ್ಲಿ ತಂದೆಯ ಹೆಸರಿನ ಕಲಂ ಇತ್ತು, ಅಲ್ಲಿ ಸಿಕ್ಕರು. ಕುಟುಂಬದ ಪತ್ರ ತಾಯಿಯನ್ನು ಹೇಳುತ್ತದೆ, ನೋಂದಣಿ ತಂದೆಯನ್ನು ಹೇಳುತ್ತದೆ, ಶಾಸನ ಎರಡನ್ನೂ ಹೇಳುತ್ತದೆ. ಹುಡುಕುವವರು ಮೂರನ್ನೂ ನೋಡಲೇಬೇಕು.

ಕವರಿಗೊಂದು ಬಣ್ಣದ ಗುರುತು ಕೊಟ್ಟಿದ್ದೇನೆ. 1949ರ ಮದರಾಸು ಅಳಿಯಸಂತಾನ ಕಾಯ್ದೆಯ ನಂತರ ಪಾಲಾದ ಕವರುಗಳೂ ಪಟ್ಟಿಯಲ್ಲಿ ಒಂದು ನೋಟಕ್ಕೆ ತಿಳಿಯುತ್ತವೆ. ಕನ್ನಡದಲ್ಲಿ ಹೆಸರು ಬರೆಯಲು ಒಂದು ದಿನವೂ ತೊಂದರೆಯಾಗಿಲ್ಲ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ದಾಖಲೆಗಳನ್ನು ಅದು ಹುಡುಕಿ ತಂದುಕೊಡುವುದಿಲ್ಲ. ಆ ಅಲೆದಾಟ ನಮ್ಮದೇ. ಮೊದಲ ವಾರ ಪರದೆ ನೋಡಿ ಗಾಬರಿಯಾದೀತು, ಬಿಡಬೇಡಿ.

ಆ ಮೂವರಲ್ಲಿ ಕೊನೆಯವನ ಜನನ ನಮೂದಿನಲ್ಲಿ ‘ಗಂಡು’ ಎಂದಷ್ಟೇ ಇದೆ. ಶಾಸನದಲ್ಲಿ ಅವನ ಹೆಸರಿರುವ ಜಾಗವನ್ನು ಹುಳ ತಿಂದಿದೆ. ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಅವನನ್ನು ಏನೆಂದು ಕರೆಯುತ್ತಿದ್ದರು ಎಂದು ಕಳೆದ ಭಾನುವಾರ ದೊಡ್ಡಮ್ಮನಲ್ಲಿ ಕೇಳಿದೆ. ‘ನೆನಪು ಮಾಡಿ ಹೇಳ್ತೇನೆ ಮಗಾ’ ಅಂದಿದ್ದಾರೆ.